ಲೈಮ್ ರೋಗದ ನಂತರವೂ ಉಳಿಯುವ ನೋವು, ದಣಿವುಗಳಿಗೆ ಮನೆಯಲ್ಲಿ ನರ ಉದ್ದೀಪನ: ಟೆನ್ಸ್ ಯಂತ್ರವನ್ನು ಬಳಸುವ ಕ್ರಮ

ಎರಡು ವರ್ಷಗಳ ಹಿಂದೆ ಧಾರವಾಡದಲ್ಲಿರುವ ನನ್ನ ಫಿಜಿಯೋಥೆರಪಿ ಕೋಣೆಗೆ ತಾಯಿಯೊಬ್ಬರು ಮೂವತ್ತು ದಾಟಿದ ಮಗನನ್ನು ಕರೆತಂದಿದ್ದರು. ಅವರ ಕೈಯಲ್ಲಿದ್ದ ಬಟ್ಟೆಯ ಚೀಲದ ತುಂಬ ಆ್ಯಂಟಿಬಯಾಟಿಕ್ ಮಾತ್ರೆಗಳ ಖಾಲಿ ಪಟ್ಟಿಗಳಿದ್ದವು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕೆಲಸದಲ್ಲಿದ್ದಾಗ ಮಗನಿಗೆ ಉಣ್ಣಿ ಕಚ್ಚಿ ಲೈಮ್ ರೋಗ ಬಂದಿತ್ತು. ಅಲ್ಲಿಯೇ ಎರಡು ವಾರಗಳ ಡಾಕ್ಸಿಸೈಕ್ಲಿನ್ ಚಿಕಿತ್ಸೆ ಮುಗಿದಿತ್ತು. ಆದರೂ ಎಂಟು ತಿಂಗಳ ನಂತರ ಊರಿಗೆ ಮರಳಿದಾಗ ಮೊಣಕಾಲು ನೋವು, ಬೆಳಿಗ್ಗೆ ಎದ್ದರೂ ತೀರದ ದಣಿವು, ಓದಿದ ಸಾಲು ತಲೆಯಲ್ಲಿ ನಿಲ್ಲದ ಮಂಕು ಹಾಗೆಯೇ ಇದ್ದವು. ಇಲ್ಲಿಗೆ ಬಂದ ಮೇಲೆ ಯಾರೋ ಹೇಳಿದರೆಂದು ಅದೇ ಮಾತ್ರೆಗಳನ್ನು ಮತ್ತೆ ಮೂರು ತಿಂಗಳು ನುಂಗಿದ್ದರು. ತಾಯಿ ಕೇಳಿದ ಮೊದಲ ಮಾತು ನನಗೆ ಇನ್ನೂ ನೆನಪಿದೆ: "ಡಾಕ್ಟ್ರ, ಕರೆಂಟ್ ಹಚ್ಚಿದ್ರರೆ ಇದು ಪೂರ್ತಿ ಹೋಗತೈತೇನ್ರಿ?"

ಪೂರ್ತಿ ಹೋಗುತ್ತದೆ ಎಂದು ಅವರಿಗೆ ನಾನು ಹೇಳಲಿಲ್ಲ. ಈ ಬರಹವನ್ನು ಓದುತ್ತಿರುವ ನಿಮಗೂ ಹೇಳುವುದಿಲ್ಲ. ನರ ಉದ್ದೀಪನ, ಅಂದರೆ ಸಣ್ಣ ವಿದ್ಯುತ್ ಮಿಡಿತಗಳಿಂದ ನರಗಳನ್ನು ಎಚ್ಚರಿಸುವುದು, ರೋಗವನ್ನು ಕಿತ್ತುಹಾಕುವ ಚಿಕಿತ್ಸೆಯಲ್ಲ; ಚರ್ಮಕ್ಕೆ ಪ್ಯಾಡ್ ಹಚ್ಚಿ ಇದನ್ನು ಮಾಡುವ ಯಂತ್ರವೇ ಟೆನ್ಸ್. ನೋವಿನ ಸದ್ದನ್ನು ಒಂದೆರಡು ತಾಸು ಇಳಿಸಿ, ಆ ಹೊತ್ತಿನಲ್ಲಿ ದೇಹವನ್ನು ಅಲುಗಾಡಿಸಲು, ಸ್ವಲ್ಪ ನಡೆಯಲು, ನಿದ್ದೆಗೆ ಜಾರಲು ಅದು ಅವಕಾಶ ಮಾಡಿಕೊಡುತ್ತದೆ. ಆ ಅವಕಾಶವನ್ನು ಬಳಸಿಕೊಂಡವರಿಗೆ ಪ್ರಯೋಜನವಾಗುವುದನ್ನು ನಾನು ಕಂಡಿದ್ದೇನೆ, ಯಂತ್ರ ಹಚ್ಚಿಕೊಂಡು ಸುಮ್ಮನೆ ಮಲಗಿದವರಿಗೆ ಅಷ್ಟಾಗಿ ಆಗದಿರುವುದನ್ನೂ ಕಂಡಿದ್ದೇನೆ.

ಮೊದಲು ರೋಗದ ಬಗ್ಗೆ

ಲೈಮ್ ಎಂಬುದು ಕನೆಕ್ಟಿಕಟ್‌ನ ಒಂದು ಊರಿನ ಹೆಸರು. 1970ರ ದಶಕದ ನಡುವೆ ಆ ಸುತ್ತಿನಲ್ಲಿ ಹಲವು ಮಕ್ಕಳಿಗೆ ಒಟ್ಟೊಟ್ಟಿಗೆ ಕೀಲು ಬಾವು ಕಾಣಿಸಿಕೊಂಡಾಗ ಈ ರೋಗವನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು; ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾಕ್ಕೆ, ಅದನ್ನು 1980ರ ದಶಕದ ಆರಂಭದಲ್ಲಿ ಕಂಡುಹಿಡಿದ ವಿಲ್ಲಿ ಬರ್ಗ್‌ಡಾರ್ಫರ್ ಅವರ ನೆನಪಿನಲ್ಲಿ ಬೊರೆಲಿಯಾ ಬರ್ಗ್‌ಡಾರ್ಫೆರಿ ಎಂಬ ಹೆಸರು ಬಂದಿದೆ. ನಮ್ಮಲ್ಲಿ ಉಣ್ಣಿ ಕಚ್ಚಿತು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಂಗನ ಕಾಯಿಲೆ, ಅಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ. ಎರಡನ್ನೂ ಉಣ್ಣಿಯೇ ಹರಡಿದರೂ ಅವು ಬೇರೆ ಬೇರೆ: ಮಂಗನ ಕಾಯಿಲೆಗೆ ವೈರಸ್ ಕಾರಣ, ಲೈಮ್‌ಗೆ ಬ್ಯಾಕ್ಟೀರಿಯಾ ಕಾರಣ, ಹಾಗಾಗಿ ಲೈಮ್‌ಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ.

ಹೆಚ್ಚಿನವರು ಆ ಔಷಧಿಯಿಂದಲೇ ಗುಣವಾಗುತ್ತಾರೆ. ಆದರೆ ಚಿಕಿತ್ಸೆ ಪಡೆದ ನೂರು ಜನರಲ್ಲಿ ಸುಮಾರು 5ರಿಂದ 10 ಜನರಿಗೆ ಆರು ತಿಂಗಳ ನಂತರವೂ ನೋವು, ದಣಿವು, ಯೋಚನೆಯ ಮಂಕು ಉಳಿಯುತ್ತವೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅಂದಾಜು ಮಾಡಿದೆ. ಹೀಗೆ ಉಳಿದವರಿಗೆ ಮತ್ತೆ ದೀರ್ಘಕಾಲ ಆ್ಯಂಟಿಬಯಾಟಿಕ್ ಕೊಟ್ಟರೆ ಉಪಯೋಗವಾಗುತ್ತದೆಯೇ ಎಂಬುದನ್ನು ಸರಿಯಾಗಿ ಪರೀಕ್ಷಿಸಿ ನೋಡಲಾಗಿದೆ. 2001ರಲ್ಲಿ ಅಮೆರಿಕದಿಂದ ಪ್ರಕಟವಾದ ಪ್ರಯೋಗದಲ್ಲಿ 90 ದಿನ ಔಷಧಿ ಪಡೆದವರಿಗೂ ಔಷಧಿಯಂತೆಯೇ ಕಾಣುವ ಹುಸಿಮಾತ್ರೆ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಪ್ರಯೋಗವೂ ಇದನ್ನೇ ಹೇಳಿತು. ಆದ್ದರಿಂದ ಆ ತಾಯಿಯ ಚೀಲದಲ್ಲಿದ್ದ ಮಾತ್ರೆಗಳ ಪಟ್ಟಿಗಳನ್ನು ನೋಡಿ ನನಗೆ ಸಂಕಟವಾಯಿತು. ರಕ್ತದಲ್ಲಿ ಲೈಮ್ ಪ್ರತಿಕಾಯಗಳು, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಅಂಶಗಳು, ಇನ್ನೂ ಕಾಣುತ್ತಿವೆ ಎಂಬುದು ಮಾತ್ರೆ ಮುಂದುವರಿಸಲು ಕಾರಣವಾಗಲಾರದು. ರೋಗಾಣು ಸತ್ತ ಮೇಲೂ ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿದಿರಬಹುದು.

ಹುಬ್ಬಳ್ಳಿ-ಧಾರವಾಡದಲ್ಲಿ ಲೈಮ್ ಆಗಿ ಹೋದವರು ಕೆಲವರೇ ಇರಬಹುದು, ಅವರಲ್ಲಿಯೂ ಬಹುಪಾಲು ಹೊರದೇಶದಲ್ಲಿ ಓದಿ ಅಥವಾ ದುಡಿದು ಬಂದವರು. ಆದರೆ ಚಿಕುನ್‌ಗುನ್ಯಾ ಬಂದು ಹೋಗಿ ತಿಂಗಳುಗಟ್ಟಲೆ ಕೀಲು ನೋವಿನಿಂದ ಬಳಲುವವರು ನಮ್ಮಲ್ಲಿ ಓಣಿ ಓಣಿಗೂ ಇದ್ದಾರೆ. 2006ರಲ್ಲಿ ಆ ಜ್ವರ ಕರ್ನಾಟಕವನ್ನು ಆವರಿಸಿದಾಗ ರೊಟ್ಟಿ ಬಡಿಯಲು ಅಂಗೈ ಊರಲಾಗದೆ ಕಣ್ಣೀರು ಹಾಕಿದ ಹೆಣ್ಣುಮಕ್ಕಳನ್ನು ಈ ಭಾಗದ ಯಾರೂ ಮರೆತಿರಲಾರರು. ರೋಗಾಣು ಬೇರೆಯಾದರೂ ಅದು ಹೋದ ಮೇಲೆ ಉಳಿಯುವ ಕೀಲು ನೋವಿಗೆ ಟೆನ್ಸ್ ಹಚ್ಚುವ ಕ್ರಮ ಒಂದೇ ಆಗಿರುವುದರಿಂದ ಅವರಿಗೂ ಈ ಬರಹದ ಬಹುಭಾಗ ಅನ್ವಯಿಸುತ್ತದೆ.

ಕರೆಂಟ್ ಮಾಡುವ ಕೆಲಸವೇನು

ಮೊಣಕೈ ಬಾಗಿಲ ಚೌಕಟ್ಟಿಗೆ ಬಡಿದಾಗ ನಾವು ಯೋಚಿಸದೆಯೇ ಆ ಜಾಗವನ್ನು ತಿಕ್ಕಿಕೊಳ್ಳುತ್ತೇವೆ, ನೋವು ಸ್ವಲ್ಪ ತಗ್ಗುತ್ತದೆ. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ಸಣ್ಣ ತಂತುಗಳು ಹೊತ್ತು ತರುವ ನೋವಿನ ಸಂದೇಶಕ್ಕೆ ಬೆನ್ನುಹುರಿಯಲ್ಲಿಯೇ ಬಾಗಿಲು ಅರ್ಧ ಮುಚ್ಚುತ್ತದೆ ಎಂಬ ವಿವರಣೆಯನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟರು. ಟೆನ್ಸ್ ಯಂತ್ರ ಚರ್ಮದ ಮೇಲಿನ ಪ್ಯಾಡುಗಳ ಮೂಲಕ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸಿ ಇದೇ ದಪ್ಪ ತಂತುಗಳನ್ನು ಎಚ್ಚರಿಸುತ್ತದೆ. ಇದಲ್ಲದೆ ದೇಹ ತಾನೇ ತಯಾರಿಸುವ, ಅಫೀಮಿನ ಗುಣವುಳ್ಳ ನೋವುನಿವಾರಕ ರಸಗಳೂ ಇದರಿಂದ ಕೆಲಸಕ್ಕಿಳಿಯುತ್ತವೆ ಎಂಬುದು ನಂತರದ ಸಂಶೋಧನೆಗಳಿಂದ ತಿಳಿದಿದೆ. 2022ರಲ್ಲಿ 381 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆಯು, ಟೆನ್ಸ್ ಹಚ್ಚಿದ ಹೊತ್ತಿನಲ್ಲಿ ಮತ್ತು ತೆಗೆದ ಕೂಡಲೇ ನೋವು ತಗ್ಗುತ್ತದೆ, ಗಂಭೀರ ಅಡ್ಡಪರಿಣಾಮಗಳಿಲ್ಲ ಎಂಬ ನಿರ್ಣಯಕ್ಕೆ ಬಂತು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇರುವ ಮಹಿಳೆಯರ ಮೇಲೆ ಅಮೆರಿಕದ ಅಯೋವಾದ ಸಂಶೋಧಕರು ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಎರಡು ತಾಸು ಟೆನ್ಸ್ ಹಚ್ಚಿಕೊಂಡು ಓಡಾಡಿಕೊಂಡಿದ್ದವರಿಗೆ ನಾಲ್ಕು ವಾರಗಳಲ್ಲಿ ಚಲಿಸುವಾಗಿನ ನೋವೂ ದಣಿವೂ ಕಡಿಮೆಯಾದವು. ನನ್ನ ಸಲಹೆಗಳಲ್ಲಿ ಹೆಚ್ಚಿನವು ಈ ಪ್ರಯೋಗದ ಜಾಡಿನಲ್ಲಿಯೇ ಇವೆ.

ಎರಡನೆಯ ಬಗೆ ಕಿವಿಯ ಮೂಲಕ ವೇಗಸ್ ನರವನ್ನು ಮುಟ್ಟುವುದು. ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಇದು ಹತ್ತನೆಯದು. ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಅಲೆಯುವುದರಿಂದ ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ಅಲೆಮಾರಿ ಎಂಬ ಅರ್ಥದ ಹೆಸರು. ಇದರ ಒಂದು ಸಣ್ಣ ಕವಲು ಕಿವಿಯ ಚರ್ಮಕ್ಕೆ ಬರುತ್ತದೆ. ಕಿವಿಯೊಳಗೆ ಹತ್ತಿಕಡ್ಡಿ ಆಡಿಸಿದಾಗ ಕೆಲವರಿಗೆ ಒಮ್ಮೆಲೇ ಕೆಮ್ಮು ಬರುವುದು ಆ ಕವಲಿನಿಂದಲೇ. ಶಸ್ತ್ರಚಿಕಿತ್ಸೆಯಿಂದ ಎದೆಯ ಚರ್ಮದಡಿ ಯಂತ್ರ ಕೂರಿಸಿ ಕತ್ತಿನಲ್ಲಿ ಈ ನರವನ್ನು ಉದ್ದೀಪಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ ಅಪಸ್ಮಾರಕ್ಕಾಗಿ 1997ರಲ್ಲಿ, ಔಷಧಿಗೆ ಬಗ್ಗದ ಖಿನ್ನತೆಗಾಗಿ 2005ರಲ್ಲಿ ಅನುಮತಿ ಸಿಕ್ಕಿತು. ಈ ನರವು ಉರಿಯೂತವನ್ನು ಹತೋಟಿಯಲ್ಲಿಡುವ ಒಂದು ಮಾರ್ಗವೂ ಹೌದು ಎಂಬುದನ್ನು ಕೆವಿನ್ ಟ್ರೇಸಿ ಎಂಬ ವೈದ್ಯ ವಿಜ್ಞಾನಿ 2002ರಲ್ಲಿ ವಿವರಿಸಿದರು. 2025ರಲ್ಲಿ ಸಂಧಿವಾತಕ್ಕೂ ಇಂಥ ಒಂದು ಒಳಗೂರಿಸುವ ಯಂತ್ರಕ್ಕೆ ಅಲ್ಲಿ ಅನುಮತಿ ದೊರೆಯಿತು. ಶಸ್ತ್ರಚಿಕಿತ್ಸೆಯಿಲ್ಲದೆ ಕಿವಿಯ ಮೇಲಿನ ಕ್ಲಿಪ್ಪಿನಿಂದ ಈ ನರವನ್ನು ಉದ್ದೀಪಿಸುವ ವಿಧಾನವನ್ನು ಲೈಮ್ ನಂತರದ ತೊಂದರೆಗಳಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಕ್ಕೆ ತೆಗೆದುಕೊಂಡಿದ್ದಾರೆ. ಇದು ಪ್ರಯೋಗದ ಹಂತದ ಚಿಕಿತ್ಸೆ ಎಂಬ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ನೋವಿಗೆ ಟೆನ್ಸ್ ಹಚ್ಚುವುದರ ಹಿಂದೆ ಇರುವಷ್ಟು ಆಧಾರ ಇದಕ್ಕೆ ಇನ್ನೂ ಇಲ್ಲ.

ಯಂತ್ರ ಕೊಳ್ಳುವ ಮೊದಲು

ದಣಿವು ಮತ್ತು ಮೈಕೈ ನೋವನ್ನೆಲ್ಲ ಹಳೆಯ ರೋಗದ ತಲೆಗೆ ಕಟ್ಟುವುದು ಸುಲಭ, ಆದರೆ ಅಪಾಯಕರ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ-12 ಮತ್ತು ಡಿ ಜೀವಸತ್ವಗಳ ಕೊರತೆ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ — ಇವೆಲ್ಲ ಇಂಥದೇ ಲಕ್ಷಣಗಳನ್ನು ತೋರಿಸುತ್ತವೆ, ಇವಕ್ಕೆಲ್ಲ ಪ್ರತ್ಯೇಕ ಚಿಕಿತ್ಸೆಯಿದೆ. ಹಾಲು ಬಿಟ್ಟರೆ ಪ್ರಾಣಿಜನ್ಯವಾದ ಏನನ್ನೂ ತಿನ್ನದ ನಮ್ಮ ಮನೆಗಳಲ್ಲಿ ಬಿ-12 ಕೊರತೆ ಅಪರೂಪವಲ್ಲ, ಅಂಗಾಲಿನ ಜುಮುಜುಮು ಅದರಿಂದಲೇ ಬಂದಿರಬಹುದು. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದರೆ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆಗಾಗಲಿ, ನಿಮ್ಮ ಕುಟುಂಬ ವೈದ್ಯರ ಬಳಿಗಾಗಲಿ ಹೋಗಿ ಈ ಪರೀಕ್ಷೆಗಳನ್ನು ಮುಗಿಸಿಕೊಂಡು, ಅದೇ ಭೇಟಿಯಲ್ಲಿ ಒಂದು ಇಸಿಜಿಯನ್ನೂ ಮಾಡಿಸಿಕೊಳ್ಳಿ. ಲೈಮ್ ರೋಗವು ಕೆಲವರಲ್ಲಿ ಹೃದಯದ ವಿದ್ಯುತ್ ಮಾರ್ಗಕ್ಕೂ ತಡೆ ಒಡ್ಡುತ್ತದೆ; ಆದ್ದರಿಂದ ಕಿವಿಯ ಉದ್ದೀಪನಕ್ಕೆ ಮುನ್ನ ಇಸಿಜಿ ನೋಡದೆ ನಾನು ಯಾರಿಗೂ ಕ್ಲಿಪ್ ಹಚ್ಚಿಲ್ಲ.

ಪೇಸ್‌ಮೇಕರ್ ಅಥವಾ ದೇಹದೊಳಗೆ ಕೂರಿಸಿದ ಬೇರೆ ವಿದ್ಯುತ್ ಸಾಧನ ಇರುವವರು ಇವೆರಡನ್ನೂ ಬಳಸಬಾರದು. ಅಪಸ್ಮಾರವಿದ್ದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಯಾವುದನ್ನೂ ಹಚ್ಚಿಕೊಳ್ಳಬಾರದು. ನಾಡಿ ಬಡಿತ ತೀರ ನಿಧಾನವಿರುವವರು, ಆಗಾಗ ತಲೆ ತಿರುಗಿ ಬೀಳುವವರು, ಕಿವಿಯಲ್ಲಿ ಸೋರಿಕೆ ಅಥವಾ ಹುಣ್ಣಿರುವವರು ಕಿವಿಯ ವಿಧಾನದಿಂದ ದೂರವಿರಬೇಕು.

ಯಂತ್ರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬ್ಯಾಟರಿಯಿಂದ ನಡೆಯುವ, ಮಿಡಿತದ ವೇಗ, ಮಿಡಿತದ ಅಗಲ (ಒಂದೊಂದು ಮಿಡಿತ ಎಷ್ಟು ಹೊತ್ತು ಇರುತ್ತದೆ ಎಂಬುದು) ಮತ್ತು ತೀವ್ರತೆ ಈ ಮೂರನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದಾದ ಸಾದಾ ಟೆನ್ಸ್ ಸಾಕು. ಮಸಾಜ್ ಯಂತ್ರವೆಂದು ಮಾರುವ, ಬರೇ ಚಿತ್ರಗಳ ಗುಂಡಿಗಳಿರುವ ಅಗ್ಗದ ಸಾಧನಗಳು ಬೇಡ, ಏಕೆಂದರೆ ಅವು ಎಷ್ಟು ಕೊಡುತ್ತಿವೆ ಎಂಬುದು ತಿಳಿಯುವುದಿಲ್ಲ. ಚಾರ್ಜ್ ಆಗುತ್ತಿರುವಾಗ ಯಾವ ಯಂತ್ರವನ್ನೂ ಮೈಗೆ ಹಚ್ಚಬೇಡಿ. ಆದರೆ ಕೊಳ್ಳುವ ಮುನ್ನ ಫಿಜಿಯೋಥೆರಪಿ ಕೇಂದ್ರವೊಂದರಲ್ಲಿ ನಾಲ್ಕೈದು ದಿನ ಹಚ್ಚಿಸಿಕೊಂಡು ನೋಡಿ. ಅಲ್ಲಿ ಎಳ್ಳಷ್ಟೂ ಫಲ ಕಾಣದವರು ಹಣ ಉಳಿಸಿಕೊಳ್ಳಬಹುದು.

ಚರ್ಮದ ಸಿದ್ಧತೆ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಮನೆಯಲ್ಲಿ ಕೆಡುವುದು ಬಹುತೇಕ ಇಲ್ಲಿಯೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬ್ಯಾಡಗಿ ಕಡೆಯ ಒಬ್ಬ ಹೆಣ್ಣುಮಗಳಿಗೆ ಮಣಿಕಟ್ಟಿಗೆ ಟೆನ್ಸ್ ಹಚ್ಚಿದ್ದೆ. ಚಿಕುನ್‌ಗುನ್ಯಾದ ನಂತರ ಆರು ತಿಂಗಳಾದರೂ ಅವರ ಬೆರಳುಗಳು ಬೆಳಿಗ್ಗೆ ಮಡಚುತ್ತಿರಲಿಲ್ಲ, ಆದರೂ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಪ್ಯಾಡ್ ಹಚ್ಚಿ ಎರಡು ನಿಮಿಷ ಕಳೆಯುವಷ್ಟರಲ್ಲಿ ಅವರು ಉರಿ ತಡೆಯಲಾರದೆ ಕೈ ಕೊಡವಿದರು. ತೀವ್ರತೆ ಬಹಳ ಕಡಿಮೆಯಿತ್ತು. ಯಂತ್ರ ಕೆಟ್ಟಿದೆ ಎಂದು ಬೇರೆ ಯಂತ್ರ ತಂದೆ, ಅದರಲ್ಲೂ ಅದೇ ಉರಿ. ಕೊನೆಗೆ ಅವರ ಕೈ ಹಿಡಿದು ನೋಡಿದಾಗ ನನ್ನ ಬೆರಳೇ ಚುರುಗುಟ್ಟಿತು. ಖಾರದ ಅಂಶ ಎಣ್ಣೆಯಲ್ಲಿ ಕರಗುವಂಥದು, ಬರೇ ನೀರಿಗೆ ಹೋಗುವುದಿಲ್ಲ. ಬೆಳಗಿನಿಂದ ಚರ್ಮದಲ್ಲಿ ಕೂತಿದ್ದ ಖಾರ ಪ್ಯಾಡಿನ ಬಿಸುಪಿಗೂ ಒದ್ದೆಗೂ ಎದ್ದಿತ್ತು. ಮೊದಲು ಕೈ ನೋಡಬೇಕಿದ್ದವಳು ನಾನು ಯಂತ್ರವನ್ನು ನೋಡಿದ್ದೆ. ಅಂದಿನಿಂದ ಮೊದಲ ಪ್ರಶ್ನೆ ಇದು: ಇವತ್ತು ಕೈಯಿಂದ ಏನು ಕೆಲಸ ಮಾಡಿದ್ದೀರಿ? ಮೆಣಸಿನಕಾಯಿ ಮುಟ್ಟಿದ್ದರೆ ಅಡುಗೆ ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಸೋಪಿನಿಂದ ಎರಡು ಸಲ ತೊಳೆದು, ಆ ದಿನದ ಟೆನ್ಸ್ ಅನ್ನು ರಾತ್ರಿಗೆ ಮುಂದೂಡಿ.

ಎಣ್ಣೆಯದು ಇನ್ನೊಂದು ತೊಡಕು. ನೋವಿಗೆ ಹಚ್ಚಿದ ಎಣ್ಣೆ, ಮುಲಾಮು, ತಲೆಯಿಂದ ಕಿವಿಗೆ ಇಳಿದ ಕೊಬ್ಬರಿ ಎಣ್ಣೆ ಇವೆಲ್ಲ ಕರೆಂಟಿಗೆ ತಡೆಯಾಗುತ್ತವೆ. ಪ್ಯಾಡಿನ ಕೆಲವೇ ಬಿಂದುಗಳಲ್ಲಿ ಕರೆಂಟ್ ಸೇರಿಕೊಂಡು ಚುಚ್ಚಿದಂತಾಗುತ್ತದೆ. ಬೆಚ್ಚಗಿನ ನೀರು, ಸೋಪು, ಒಣ ಟವೆಲ್ ಇಷ್ಟು ಸಾಕು. ಮಣಿಕಟ್ಟಿಗೆ ಹಚ್ಚುವಾಗ ಪಾಟ್ಲಿ, ಬಿಲ್ವಾರಗಳನ್ನು ತೆಗೆದಿಡಿ, ಕಿವಿಗೆ ಹಚ್ಚುವಾಗ ಬೆಂಡೋಲೆಯನ್ನೂ ಮೇಲ್ಕಿವಿಯ ಬುಗುಡಿಯನ್ನೂ ತೆಗೆಯಿರಿ. ವರ್ಷಗಳಿಂದ ತೆಗೆಯದ ಬುಗುಡಿಯನ್ನು ಬಿಚ್ಚಲು ಹಿರಿಯರು ಒಪ್ಪದಿದ್ದರೆ ಒತ್ತಾಯಿಸಬೇಡಿ, ಕಿವಿಯ ವಿಧಾನವನ್ನು ಬಿಟ್ಟು ಕೀಲಿಗಷ್ಟೇ ಹಚ್ಚಿ.

ಪ್ಯಾಡ್ ಇಡುವ ಜಾಗದಲ್ಲಿ ಸ್ಪರ್ಶಜ್ಞಾನ ಸರಿಯಿರಬೇಕು. ಕಣ್ಣು ಮುಚ್ಚಿಕೊಂಡು ಕೂತವರ ಚರ್ಮಕ್ಕೆ ಮನೆಯವರೊಬ್ಬರು ಹತ್ತಿಯ ಎಳೆಯನ್ನು, ಆಮೇಲೆ ತಣ್ಣೀರಿನ ಲೋಟವನ್ನು, ಬೆಚ್ಚಗಿನ ನೀರಿನ ಲೋಟವನ್ನು ತಾಗಿಸಿ ಯಾವುದು ಎಂದು ಕೇಳಲಿ. ತಪ್ಪು ಹೇಳಿದರೆ ಅಲ್ಲಿ ಪ್ಯಾಡ್ ಇಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲುಗಳಲ್ಲಿ ಇದು ವಿಶೇಷವಾಗಿ ನೆನಪಿರಲಿ.

ಕೀಲು ನೋವಿಗೆ ಹಚ್ಚುವ ಕ್ರಮ

ಮೊಣಕಾಲಿಗಾದರೆ ಚಿಪ್ಪಿನ ಎರಡೂ ಬದಿಗೆ ಒಂದೊಂದು ಪ್ಯಾಡ್ ಇಡಿ. ನಾಲ್ಕು ಪ್ಯಾಡುಗಳಿದ್ದರೆ ಚಿಪ್ಪಿನ ಮೇಲೆರಡು, ಕೆಳಗೆರಡು ಇಟ್ಟು ಒಂದೇ ತಂತಿಯ ಜೋಡಿ ಅಡ್ಡಡ್ಡವಾಗಿ ಬರುವಂತೆ ನೋಡಿಕೊಳ್ಳಿ. ಮಣಿಕಟ್ಟಿಗೆ ಒಂದು ಪ್ಯಾಡನ್ನು ಕೀಲಿನ ಹಿಂಬದಿಗೆ, ಇನ್ನೊಂದನ್ನು ಅದಕ್ಕಿಂತ ನಾಲ್ಕು ಬೆರಳು ಮೇಲೆ ಮುಂಗೈಗೆ ಇಡಿ. ಹೆಗಲು ಮತ್ತು ಕುತ್ತಿಗೆಯ ಹಿಂಬದಿಯ ನೋವಿಗೆ ಬೆನ್ನುಮೂಳೆಯ ಎರಡೂ ಪಕ್ಕದ ಮಾಂಸಖಂಡದ ಮೇಲೆ ಇಡಬಹುದು, ಆದರೆ ಕುತ್ತಿಗೆಯ ಮುಂಭಾಗಕ್ಕೆ, ಕಣ್ಣಿನ ಸುತ್ತ, ಎದೆಯ ಆಚೆಗೊಂದು ಈಚೆಗೊಂದು ಬರುವಂತೆ ಎಂದಿಗೂ ಇಡಬೇಡಿ. ಕುತ್ತಿಗೆಯ ಮುಂದೆ ರಕ್ತದೊತ್ತಡವನ್ನು ಅಳೆಯುವ ನರಗಳಿವೆ, ಅವನ್ನು ಕೆಣಕಿದರೆ ನಾಡಿ ಬಿದ್ದು ಪ್ರಜ್ಞೆ ತಪ್ಪಬಹುದು.

ಪ್ಯಾಡ್ ಕೂರಿಸಿದ ಮೇಲೆ ಯಂತ್ರ ಚಾಲೂ ಮಾಡಿ, ತೀವ್ರತೆ ಸೊನ್ನೆಯಲ್ಲಿದೆಯೇ ಎಂದು ನೋಡಿ. ವೇಗವನ್ನು 80ರಿಂದ 100 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಮಿಡಿತಗಳು, ಅಗಲವನ್ನು 150ರಿಂದ 200 ಮೈಕ್ರೊಸೆಕೆಂಡ್ ಇಡಿ. ತೀವ್ರತೆಯನ್ನು ಒಂದೊಂದೇ ಹೆಜ್ಜೆ ಏರಿಸುತ್ತ ಹೋದಂತೆ ಮೊದಲು ಇರುವೆ ಹರಿದಂತೆ, ಆಮೇಲೆ ಗಟ್ಟಿಯಾದ ಜುಮುಜುಮು ಬರುತ್ತದೆ. ನೋಯದ, ಆದರೆ ಮರೆತುಬಿಡಲಾಗದ ಗಟ್ಟಿ ಜುಮುಜುಮು ಇರುವಲ್ಲಿ ನಿಲ್ಲಿಸಿ. ಇಲ್ಲಿ ಎರಡು ತಪ್ಪುಗಳಾಗುತ್ತವೆ: ಹೆದರಿ ಬಹಳ ಕಡಿಮೆ ಇಟ್ಟರೆ ಫಲ ಸಿಗುವುದಿಲ್ಲ, ಹೆಚ್ಚು ಇಟ್ಟರೆ ಬೇಗ ವಾಸಿಯಾಗುತ್ತದೆಂದು ಸ್ನಾಯು ಸೆಟೆಯುವವರೆಗೆ ಏರಿಸಿದರೆ ಮರುದಿನ ಮೈ ಹಣ್ಣಾಗುತ್ತದೆ. ಹತ್ತು ನಿಮಿಷಗಳಲ್ಲಿ ಜುಮುಜುಮು ಮಂಕಾದಂತೆ ಅನಿಸಿದರೆ ಒಂದು ಹೆಜ್ಜೆ ಏರಿಸುವುದು ತಪ್ಪಲ್ಲ.

ಮೊದಲ ಮೂರು ದಿನ 20 ನಿಮಿಷ, ಚರ್ಮ ಒಗ್ಗಿದ ಮೇಲೆ 30ರಿಂದ 60 ನಿಮಿಷ ಹಚ್ಚಿ. ಸಮಯದ ಆಯ್ಕೆ ಮುಖ್ಯ: ನೋವು ತರುವ ಕೆಲಸಕ್ಕೆ ಕಾಲು ತಾಸು ಮುಂಚೆ ಹಚ್ಚಿ, ಹಚ್ಚಿಕೊಂಡೇ ಆ ಕೆಲಸ ಮಾಡಬೇಕು. ರೊಟ್ಟಿ ಬಡಿಯುವವರಿಗೆ ಬೆಳಿಗ್ಗೆ ಹಿಟ್ಟು ನಾದುವ ಮೊದಲು ಮುಂಗೈಗೆ ಹಚ್ಚಿಸಿ, ಯಂತ್ರವನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿ, ಮೊದಲ ವಾರ ಎರಡೇ ರೊಟ್ಟಿ ಬಡಿದು ಉಳಿದವನ್ನು ಮನೆಯ ಬೇರೆಯವರಿಗೆ ಬಿಡಿ ಎನ್ನುತ್ತೇನೆ. ಕುದಿನೀರಿನ ಹಿಟ್ಟಿನ ಒದ್ದೆ ಪ್ಯಾಡಿಗೆ ತಾಗಬಾರದು, ಒಲೆಯ ಹತ್ತಿರ ತಂತಿ ಜೋತುಬೀಳಬಾರದು. ಮೊಣಕಾಲು ನೋವಿನ ಆ ತರುಣ ಸಾಧನಕೇರಿ ಕೆರೆಯ ದಂಡೆಯಲ್ಲಿ ಹಚ್ಚಿಕೊಂಡೇ ನಡೆಯುತ್ತಿದ್ದ, ಮೊದಲ ದಿನ ಆರೇ ನಿಮಿಷ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಕೂತು ಬರುವಾಗ ಮೊಣಕಾಲಿಗೆ ಹಚ್ಚಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಕೂತಿದ್ದರೆ ಅಡ್ಡಿಯಿಲ್ಲ. ವಾಹನ ತಾವೇ ಓಡಿಸುವಾಗ, ಸ್ನಾನದಲ್ಲಿ, ನಿದ್ದೆಯಲ್ಲಿ ಬೇಡವೇ ಬೇಡ.

ದಿನವೂ ಒಂದೇ ಹೊಂದಿಕೆಯಲ್ಲಿ ಹಚ್ಚುತ್ತ ಹೋದರೆ ನರಗಳಿಗೆ ಅದು ರೂಢಿಯಾಗಿ ಫಲ ಕುಂದುತ್ತದೆ. ಆದ್ದರಿಂದ ಒಂದು ದಿನ 100 ಹರ್ಟ್ಸ್ ಇಟ್ಟರೆ ಮರುದಿನ 4 ಹರ್ಟ್ಸ್‌ನಷ್ಟು ನಿಧಾನದ ಮಿಡಿತ ಇಡಿ, ಇದರಲ್ಲಿ ಸ್ನಾಯು ತುಸು ತಟತಟ ಎನ್ನುವುದು ಸಹಜ. ಯಂತ್ರದಲ್ಲಿ ವೇಗ ತಾನಾಗಿಯೇ ಬದಲಾಗುವ ಹೊಂದಿಕೆಯಿದ್ದರೆ ಅದನ್ನೂ ಬಳಸಬಹುದು.

ಕಿವಿಯ ಕ್ಲಿಪ್

ಇದನ್ನು ಮೊದಲ ಎರಡು ಸಲವಾದರೂ ಫಿಜಿಯೋಥೆರಪಿಸ್ಟ್ ಅಥವಾ ವೈದ್ಯರ ಎದುರಿಗೇ ಮಾಡಬೇಕು. ಈ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಎಡಗಿವಿಯನ್ನೇ ಬಳಸುವುದು ರೂಢಿ, ಏಕೆಂದರೆ ಹೃದಯದ ಲಯವನ್ನು ನಡೆಸುವ ಗಂಟಿಗೆ ಬಲಬದಿಯ ವೇಗಸ್ ನರದ ಸಂಬಂಧ ಹೆಚ್ಚು. ಗದ್ದಲ ಜಾಸ್ತಿಯಾದಾಗ ಕಿವಿ ಮುಚ್ಚಿಕೊಳ್ಳಲು ನಾವು ಬೆರಳಿನಿಂದ ಒತ್ತುವ ಪುಟ್ಟ ಮೃದು ಎಲುಬೊಂದು ಕಿವಿಯ ತೂತಿನ ಮುಂದೆ ಕೆನ್ನೆಯ ಕಡೆಗಿದೆಯಲ್ಲ, ಕ್ಲಿಪ್ಪಿನ ಎರಡೂ ತುದಿಗಳು ಅದರ ಒಳಗೂ ಹೊರಗೂ ಹಿಡಿದುಕೊಳ್ಳಬೇಕು. ಎರಡು ಕಿವಿಗೆ ಒಂದೊಂದು ತುದಿ ಹಚ್ಚಿದರೆ ಕರೆಂಟ್ ತಲೆಯ ಮೂಲಕ ಹಾದುಹೋಗಲು ದಾರಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಎರಡು ಕಿವಿಯ ಕ್ಲಿಪ್ಪುಗಳನ್ನು ಹಾಗೆ ಬಳಸಬಾರದು.

ಕ್ಲಿಪ್ಪಿನ ತುದಿಗೆ ಇಸಿಜಿಗೆ ಬಳಸುವ ಜೆಲ್ ಒಂದು ಹನಿ ಹಚ್ಚಿ, ಗೋಡೆಗೆ ಒರಗಿ ಕೂತು ಅಥವಾ ಮಲಗಿ, ಹತ್ತು ನಿಮಿಷ ಸುಮ್ಮನಿದ್ದು ನಾಡಿ ಎಣಿಸಿ ಬರೆದುಕೊಳ್ಳಿ. ವೇಗ 25 ಹರ್ಟ್ಸ್, ಅಗಲ 200 ಮೈಕ್ರೊಸೆಕೆಂಡ್. ಇಲ್ಲಿ ತೀವ್ರತೆಯ ನಿಯಮವೇ ಬೇರೆ: ಮೊಣಕಾಲಿನಂತೆ ಗಟ್ಟಿ ಜುಮುಜುಮು ಬೇಡ, ಮೊದಲ ಸುಳಿವು ಸಿಕ್ಕಿದ ಮೇಲೆ ಒಂದು ಹೆಜ್ಜೆ ಏರಿಸಿ ಅಲ್ಲಿಗೇ ನಿಲ್ಲಿಸಿ. ಸಾದಾ ಟೆನ್ಸ್ ಯಂತ್ರಗಳು ತೊಡೆಯ ಸ್ನಾಯುವಿಗೂ ಸಾಕಾಗುವಂತೆ ಮಾಡಿದವು. ಕಿವಿಗೆ ಬೇಕಾದದ್ದು ಅದರ ಅತಿ ಕೆಳಗಿನ ಕೆಲವೇ ಹೆಜ್ಜೆಗಳು. ಮೊದಲ ವಾರ ದಿನಕ್ಕೊಮ್ಮೆ 10 ನಿಮಿಷ, ತೊಂದರೆಯಿಲ್ಲದಿದ್ದರೆ ನಿಧಾನವಾಗಿ 30 ನಿಮಿಷದವರೆಗೆ ಏರಿಸಬಹುದು. ಮುಗಿದ ಮೇಲೆ ನಾಡಿಯನ್ನು ಮತ್ತೊಮ್ಮೆ ಎಣಿಸಿ. ನಿಮಿಷಕ್ಕೆ 50ಕ್ಕಿಂತ ಇಳಿದರೆ, ತಲೆ ಹಗುರಾದಂತೆ, ಎದೆಯಲ್ಲಿ ಬಡಿತ ತಪ್ಪಿದಂತೆ ಅಥವಾ ಕಣ್ಣು ಕತ್ತಲಿಟ್ಟಂತೆ ಆದರೆ ಕ್ಲಿಪ್ ತೆಗೆದು, ವೈದ್ಯರಿಗೆ ತೋರಿಸುವವರೆಗೆ ಮತ್ತೆ ಹಚ್ಚಬೇಡಿ. ಕ್ಲಿಪ್ ಕೂತಲ್ಲಿ ಕೆಂಪಾಗುವುದು, ಸಣ್ಣ ತಲೆನೋವು ಇವು ಕಾಣಿಸುವುದುಂಟು, ಒಂದೆರಡು ದಿನ ಬಿಡುವು ಕೊಟ್ಟರೆ ಹೋಗುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿನ ನಂತರ, ಮೊಬೈಲ್ ಬದಿಗಿಟ್ಟು ಹಚ್ಚಿಕೊಂಡವರು ನಿದ್ದೆ ಸುಲಭವಾಯಿತು ಎಂದು ಹೇಳಿದ್ದಿದೆ. ಅದರಲ್ಲಿ ಕ್ಲಿಪ್ಪಿನ ಪಾಲೆಷ್ಟು, ಅರ್ಧ ತಾಸು ಸುಮ್ಮನೆ ಕೂತದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ನೋಟ್‌ಬುಕ್

ಎರಡೂ ವಿಧಾನಗಳನ್ನು ಒಂದೇ ದಿನ ಶುರು ಮಾಡಬೇಡಿ. ಮೊದಲು ಒಂದು ವಾರ ಏನನ್ನೂ ಹಚ್ಚದೆ ಬರೇ ಬರೆಯಿರಿ: ಬೆಳಿಗ್ಗೆ ಮತ್ತು ರಾತ್ರಿ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ, ದಣಿವಿಗೆ ಎಷ್ಟು, ಎಷ್ಟು ತಾಸು ನಿದ್ದೆ, ನೋವಿಲ್ಲದೆ ಎಷ್ಟು ನಿಮಿಷ ನಡೆದಿರಿ. ಎರಡನೆಯ ವಾರದಿಂದ ಕೀಲಿನ ಟೆನ್ಸ್, ನಾಲ್ಕನೆಯ ವಾರದ ನಂತರ ಬೇಕಿದ್ದರೆ ಕಿವಿಯ ಕ್ಲಿಪ್. ಆ ತರುಣನ ನೋಟ್‌ಬುಕ್ಕಿನಲ್ಲಿ ನೋವಿನ ಅಂಕ ಏಳರಿಂದ ಐದಕ್ಕಷ್ಟೇ ಇಳಿದಿತ್ತು, ಆದರೆ ನಡಿಗೆಯ ಕಾಲಂನಲ್ಲಿ ಆರು ನಿಮಿಷ ಇದ್ದದ್ದು ಐದನೆಯ ವಾರಕ್ಕೆ ಇಪ್ಪತ್ತೆರಡು ಆಗಿತ್ತು. ನಾನು ಮೊದಲು ನೋಡುವುದು ಈ ಕಾಲಂ ಅನ್ನೇ.

ನಡಿಗೆಯನ್ನು ಏರಿಸುವಾಗಲೂ ಹಟ ಬೇಡ. ಈ ರೋಗಗಳ ನಂತರದ ದಣಿವಿನ ಸ್ವಭಾವವೆಂದರೆ ಚೆನ್ನಾಗಿದೆ ಎನಿಸಿದ ದಿನ ಎಲ್ಲ ಕೆಲಸ ಮುಗಿಸಲು ಹೋದರೆ ಮುಂದಿನ ಮೂರು ದಿನ ಹಾಸಿಗೆ ಬಿಡಿಸುವುದಿಲ್ಲ. ಟೆನ್ಸ್ ನೋವನ್ನು ಮರೆಸುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಇವತ್ತು ಮಾಡಿದ್ದಕ್ಕಿಂತ ನಾಳೆ ಒಂದೆರಡು ನಿಮಿಷ ಮಾತ್ರ ಹೆಚ್ಚು, ಅದೂ ಮರುದಿನ ಮೈ ತೊಂದರೆ ಕೊಡದಿದ್ದರೆ.

ಪ್ಯಾಡುಗಳನ್ನು ಬಳಸಿದ ಮೇಲೆ ಅವುಗಳ ಪ್ಲಾಸ್ಟಿಕ್ ಹಾಳೆಗೇ ಮತ್ತೆ ಅಂಟಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗಿನ ಒಣ ಸೆಖೆಯಲ್ಲಿ ಅಂಟು ಬೇಗ ಒಣಗುತ್ತದೆ. ಬೆರಳು ನೀರಿಗದ್ದಿ ಒಂದು ಹನಿ ಸವರಿ ಒಂದು ನಿಮಿಷ ಬಿಟ್ಟರೆ ಮರಳುತ್ತದೆ. ಅಂಚು ಎದ್ದ ಪ್ಯಾಡ್ ಬಳಸಬಾರದು, ಕರೆಂಟ್ ಸಣ್ಣ ಜಾಗದಲ್ಲಿ ಸೇರಿ ಸುಡುತ್ತದೆ. ಒಬ್ಬರ ಪ್ಯಾಡನ್ನು ಮನೆಯಲ್ಲಿ ಇನ್ನೊಬ್ಬರು ಹಚ್ಚಿಕೊಳ್ಳುವುದೂ ಬೇಡ.

ಆರು ವಾರಗಳಾದರೂ ನೋಟ್‌ಬುಕ್ಕಿನ ಯಾವ ಕಾಲಮಿನಲ್ಲೂ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಆದರೆ ಈ ನಡುವೆ ಕೀಲು ಹೊಸದಾಗಿ ಊದಿ ಬಿಸಿಯಾದರೆ, ಮುಖದ ಒಂದು ಬದಿ ಸೊಟ್ಟಗಾದರೆ, ಜ್ವರ ಮರುಕಳಿಸಿದರೆ, ಕಾರಣವಿಲ್ಲದೆ ತೂಕ ಇಳಿದರೆ ಆರು ವಾರ ಕಾಯಬೇಡಿ. ಯಂತ್ರವನ್ನು ಬದಿಗಿಟ್ಟು, ನೋಟ್‌ಬುಕ್ಕನ್ನು ಕೈಯಲ್ಲಿ ಹಿಡಿದುಕೊಂಡು ಅದೇ ದಿನ ವೈದ್ಯರನ್ನು ಕಾಣಿ.